ಗೆಳೆಯರ ಬ್ಯಾಂಡಿಗೂ ಒಂದು ವಂಶಾವಳಿ: ಪುಣೆಯ ಹವ್ಯಾಸಿ ರಾಕ್

ಪುಣೆಯ ಸಂಗೀತದ ಮಾತು ಬಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಸವಾಯಿ ಗಂಧರ್ವ ಉತ್ಸವ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಭೀಮಸೇನ ಜೋಶಿ 1953ರಿಂದ ಕಟ್ಟಿ ಬೆಳೆಸಿದ ಉತ್ಸವ ಅದು. ಅದೇ ಊರಿನ ಕೋರೆಗಾಂವ್ ಪಾರ್ಕಿನಲ್ಲಿ 2010ರ ಡಿಸೆಂಬರಿನಲ್ಲಿ ಎನ್‌ಎಚ್7 ವೀಕೆಂಡರ್ ಎಂಬ ಇನ್ನೊಂದು ಸಂಗೀತೋತ್ಸವ ಹುಟ್ಟಿತು. ಗಿಟಾರು, ಡ್ರಮ್ಮುಗಳ ಆ ಉತ್ಸವ ಮುಂದೆ ಬೆಂಗಳೂರು, ದೆಹಲಿ, ಕೋಲ್ಕತ್ತಗಳಿಗೂ ಹಬ್ಬಿತು. ಮೊದಲನೆಯದಕ್ಕೆ ಘರಾನೆಯಿದೆ, ಗುರುಪರಂಪರೆಯಿದೆ. ಎರಡನೆಯದು ಹೊರಗಿನಿಂದ ಬಂದದ್ದು, ಈ ಮಣ್ಣಿನಲ್ಲಿ ಅದಕ್ಕೆ ಬೇರಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಆ ನಂಬಿಕೆ ತಪ್ಪು ಎಂಬುದು ನನ್ನ ವಾದ. ರಾಕ್ ಸಂಗೀತದ ಮಟ್ಟುಗಳು ಹೊರಗಿನಿಂದ ಬಂದವು, ನಿಜ. ಆದರೆ ಹಗಲು ನೌಕರಿಯೋ ಓದೋ, ಸಂಜೆ ನಾಲ್ಕೈದು ಗೆಳೆಯರ ತಾಲೀಮು, ವರ್ಷಕ್ಕೊಮ್ಮೆ ಹಬ್ಬ ಅಥವಾ ಸ್ಪರ್ಧೆಯ ವೇದಿಕೆ ಎಂಬ ಬದುಕಿನ ಕ್ರಮವನ್ನು ಯಾರೂ ಹಡಗಿನಲ್ಲಿ ತಂದಿಳಿಸಲಿಲ್ಲ. ಅದು ಪುಣೆಯ ಹಳೆಯ ರೂಢಿ.

ಈ ರೂಢಿಯನ್ನು ಅರಿಯಲು ಊರಿನ ಎರಡು ಭಾಗಗಳನ್ನೂ ನೋಡಬೇಕು. 1817ರ ಖಡಕಿ ಯುದ್ಧದಲ್ಲಿ ಪೇಶ್ವೆಯರು ಸೋತ ಮೇಲೆ ಊರಿನ ಪೂರ್ವಕ್ಕೆ ಬ್ರಿಟಿಷರ ದಂಡು ಬೀಡುಬಿಟ್ಟಿತು. ಇಂದಿಗೂ ‘ಕ್ಯಾಂಪ್’ ಎನಿಸಿಕೊಳ್ಳುವ ಆ ಭಾಗದಲ್ಲಿ ಪಲ್ಟನ್ನಿನ ಬ್ಯಾಂಡು, ಚರ್ಚಿನ ಗಾಯನ, ಗೋವೆಯ ಮನೆತನಗಳ ಪಿಟೀಲು, ಪಿಯಾನೊ ಬೇರೂರಿದವು. ಪಶ್ಚಿಮದ ಪೇಟೆಗಳಲ್ಲಿ ಬೇರೆಯೇ ಹಾಡು ನಡೆದಿತ್ತು. 1893ರಲ್ಲಿ ಗಣೇಶೋತ್ಸವ ಬೀದಿಗೆ ಬಂದು, ತಿಲಕರ ಬೆಂಬಲದಿಂದ ಬೆಳೆಯತೊಡಗಿದಾಗ ಅದರ ಜೀವಾಳವಾದದ್ದು ‘ಮೇಳ’ಗಳು. ಶಾಲಾ ಕಾಲೇಜಿನ ಹುಡುಗರು ಒಂದೇ ತೆರನ ಉಡುಪು ತೊಟ್ಟು, ವಾರಗಟ್ಟಲೆ ತಾಲೀಮು ಮಾಡಿ, ಮಂಟಪದಿಂದ ಮಂಟಪಕ್ಕೆ ಹೋಗಿ ಹಾಡುತ್ತಿದ್ದರು. ಪದಗಳು ಹೊಸವು, ಮಟ್ಟುಗಳು ಆಗ ಜನಪ್ರಿಯವಾಗಿದ್ದ ನಾಟಕದ ಹಾಡುಗಳವು. ಸನ್ಮಿತ್ರ ಸಮಾಜದಂಥ ಮೇಳಗಳು ಊರಿಗೆಲ್ಲ ಹೆಸರಾಗಿದ್ದವು. ಆ ಪದಗಳಲ್ಲಿ ದೇಶಭಕ್ತಿಯಿತ್ತು, ಕೆಲವೊಮ್ಮೆ ಅನ್ಯಧರ್ಮದವರ ಮೇಲಿನ ಕಹಿಯೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಇಲ್ಲಿ ಗಮನಿಸಬೇಕಾದದ್ದು ಕೂಟದ ರಚನೆ. ವೃತ್ತಿಯಿಂದ ಗಾಯಕರಲ್ಲದ ಯುವಕರು ಗೆಳೆತನದ ಬಲದ ಮೇಲೆ ಗುಂಪು ಕಟ್ಟಿ, ಚಿರಪರಿಚಿತ ಮಟ್ಟುಗಳನ್ನು ಹಿಡಿದು, ಅಕ್ಕಪಕ್ಕದ ಗುಂಪುಗಳ ಜೊತೆ ಪೈಪೋಟಿಗಿಳಿದು ಹಾಡುವುದು ಪುಣೆಗೆ ಆಗಲೇ ಅಭ್ಯಾಸವಾಗಿತ್ತು.

ರಾಕ್ ಅಂಡ್ ರೋಲ್ ಈ ಸೀಮೆಗೆ ಕಾಲಿಟ್ಟ ಬಗೆಗೆ ಒಂದು ಒಳ್ಳೆಯ ಸಾಕ್ಷ್ಯ ಪುಣೆಯಿಂದ ನೂರು ಕಿಲೋಮೀಟರಿನಷ್ಟು ದೂರದ ಪಂಚಗಣಿಯಲ್ಲಿದೆ. ಅಲ್ಲಿನ ಸೇಂಟ್ ಪೀಟರ್ಸ್ ವಸತಿ ಶಾಲೆಯಲ್ಲಿ 1958ರಲ್ಲಿ ಐವರು ಹುಡುಗರು ‘ದಿ ಹೆಕ್ಟಿಕ್ಸ್’ ಎಂಬ ಬ್ಯಾಂಡ್ ಕಟ್ಟಿದರು. ಎಲ್ವಿಸ್ ಪ್ರೀಸ್ಲಿ, ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್, ಫ್ಯಾಟ್ಸ್ ಡಾಮಿನೊ ಅವರ ಹಾಡುಗಳನ್ನು ಶಾಲೆಯ ಸಮಾರಂಭಗಳಲ್ಲಿ ನುಡಿಸುತ್ತಿದ್ದರು. ಪಿಯಾನೊದಲ್ಲಿ ಕೂತಿದ್ದವನು ಫಾರೂಖ್ ಬಲ್ಸಾರಾ ಎಂಬ ಪಾರ್ಸಿ ಹುಡುಗ. ರೇಡಿಯೊದಲ್ಲಿ ಹಾಡು ಕೇಳಿ ಹಾಗೆಯೇ ನುಡಿಸಬಲ್ಲ ಕಿವಿ ಅವನದು. ಮುಂದೆ ಜಗತ್ತು ಅವನನ್ನು ಫ್ರೆಡ್ಡಿ ಮರ್ಕ್ಯುರಿ ಎಂದು ಕರೆಯಿತು. ಈ ಬ್ಯಾಂಡಿನ ಕಥೆ ಹೇಳುವವರೆಲ್ಲ ಅವನೊಬ್ಬನನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಅಂದು ಮುಖ್ಯ ಗಾಯಕನಾಗಿದ್ದವನು ಅವನಲ್ಲ, ಇನ್ನೊಬ್ಬ ಗೆಳೆಯ. ಉಳಿದವರ ಪೈಕಿ ಒಬ್ಬ ನೇಪಾಳದ ಸೇನೆಯಲ್ಲಿ ಉನ್ನತ ಅಧಿಕಾರಿಯಾದ, ಒಬ್ಬ ಇಂಗ್ಲೆಂಡಿನಲ್ಲಿ ನಟನಾದ, ಒಬ್ಬ ಪುಣೆಯಲ್ಲಿ ಹೋಟೆಲು ನಡೆಸಿದ. ಐವರಲ್ಲಿ ಒಬ್ಬ ತಾರೆಯಾದದ್ದು ಅಪವಾದ. ಉಳಿದವರಲ್ಲಿ ಹೆಚ್ಚಿನವರು ಸಂಗೀತದಿಂದಾಚೆ ಬದುಕು ಕಟ್ಟಿಕೊಂಡದ್ದು ನಿಯಮ. ಚರಿತ್ರೆ ಬರೆಯುವವನು ನೋಡಬೇಕಾದದ್ದು ನಿಯಮವನ್ನು.

ಆ ನಿಯಮದ ಒಳಗಿನ ದುಡಿಮೆ ಸಣ್ಣದಲ್ಲ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನೇ ದೂರವಿಡಲು ಹೊರಟ ಕಾಲದಲ್ಲಿ ಪಾಶ್ಚಾತ್ಯ ಪಾಪ್ ಸಂಗೀತಕ್ಕೆ ರೇಡಿಯೊ ಸಿಲೋನ್ ಒಂದು ದೊಡ್ಡ ಆಸರೆ. ಆಮೇಲೆ ಬಂದದ್ದು ಕ್ಯಾಸೆಟ್. ಮುದ್ರಿತ ಸಾಹಿತ್ಯ ಕೈಗೆ ಸಿಗದಿದ್ದಾಗ ಗಾಯಕ ಒಂದು ಸಾಲು ಕೇಳಿ, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಗಿಟಾರಿನವನು ಅದೇ ಟೇಪಿನಿಂದ ಸ್ವರ ಹೆಕ್ಕಬೇಕು. ಟೇಪಿನ ವೇಗ ಕೊಂಚ ಹೆಚ್ಚುಕಡಿಮೆಯಾದರೆ ಶ್ರುತಿಯೇ ಬೇರೆಯಾಗುತ್ತದೆ. ಆಗ ಎಲ್ಲರೂ ತಂತಿಗಳನ್ನು ಟೇಪಿಗೆ ಹೊಂದಿಸಿಕೊಳ್ಳಬೇಕು. 1991ರ ಉದಾರೀಕರಣಕ್ಕೆ ಮುಂಚೆ ವಿದೇಶಿ ಎಲೆಕ್ಟ್ರಿಕ್ ಗಿಟಾರು ಆಮದು ಸುಂಕದ ಭಾರದಿಂದ ಹುಡುಗರ ಕೈಗೆ ಎಟುಕುತ್ತಿರಲಿಲ್ಲ. ಕೋಲ್ಕತ್ತದ ಗಿವ್ಸನ್ ಗಿಟಾರು, ಎರವಲು ತಂದ ಆಂಪ್ಲಿಫೈಯರು, ಮದುವೆ ಮನೆಗೆ ಹೋಗುವ ಧ್ವನಿವರ್ಧಕ, ಇಷ್ಟರಲ್ಲೇ ಕೆಲಸ ನಡೆಯಬೇಕಿತ್ತು. ತನ್ನ ದನಿ ತನಗೇ ಕೇಳಿಸದ ವೇದಿಕೆಯಲ್ಲಿ ಡ್ರಮ್ಮಿನ ಎದುರು ನಿಂತು ಶ್ರುತಿ ಬಿಡದೆ ಹಾಡುವುದನ್ನು ಯಾವ ಗುರುವೂ ಕಲಿಸಲಿಲ್ಲ. ಜೊತೆಗಾರರ ಕಿವಿಯೇ ಅಲ್ಲಿ ಪರೀಕ್ಷಕ.

ಇದೆಲ್ಲ ಬರೀ ಅನುಕರಣೆಯಲ್ಲವೇ, ಬೇರೆಯವರ ಹಾಡನ್ನು ಹಾಡಿದ್ದಕ್ಕೆ ಚರಿತ್ರೆಯ ಗೌರವ ಯಾಕೆ ಎಂಬುದು ಮೊದಲ ಆಕ್ಷೇಪ. ಈ ಪ್ರಶ್ನೆಗೆ ಉತ್ತರ ಕೊಡಲು ಕನ್ನಡಿಗರಷ್ಟು ತಕ್ಕವರು ಬೇರೆ ಯಾರೂ ಇಲ್ಲ. ಪುಣೆ ತನ್ನ ಸಂಸ್ಕೃತಿಯ ಕಳಶವೆಂದು ಮೆರೆಸುವ ಮರಾಠಿ ಸಂಗೀತ ನಾಟಕ ಹುಟ್ಟಿದ್ದಾದರೂ ಹೇಗೆ? ಹೊನ್ನಾವರದ ಹತ್ತಿರದ ಕರ್ಕಿಯಿಂದ ಬಂದ ಯಕ್ಷಗಾನ ಮೇಳದ ಆಟ ಸಾಂಗಲಿಯ ಆಸ್ಥಾನದಲ್ಲಿ ನಡೆದ ಮೇಲೆ, ಅದರ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ನಾಟಕಗಳ ಹಾಡುಗಳಿಗೆ ಕನ್ನಡದ ಮಟ್ಟುಗಳು ಧಾರಾಳವಾಗಿ ಒದಗಿದವು. ಎರವಲು ಮಟ್ಟಿನಿಂದ ಹೊರಟ ಆ ಪರಂಪರೆ ಮುಂದೆ ಬಾಲಗಂಧರ್ವರಂಥ ಗಾಯಕನನ್ನು ಬೆಳೆಸಿತು. ಎರವಲು ತಂದದ್ದು ಕಲೆಯ ಆರಂಭಕ್ಕೆ ಕುಂದಲ್ಲ. ಅಲ್ಲಿಂದ ಸ್ವಂತದ ಕಡೆಗೆ ನಡೆದರೇ ಎಂಬುದೇ ಕೇಳಬೇಕಾದ ಪ್ರಶ್ನೆ.

ನಡೆದರು ಎನ್ನಲು ಆಧಾರವಿದೆ, ಮತ್ತು ಅದೇ ಎರಡನೆಯ ಆಕ್ಷೇಪಕ್ಕೂ ಉತ್ತರ. ರಾಕ್ ಎಂಬುದು ಕ್ಯಾಂಪಿನ ಇಂಗ್ಲಿಷ್ ಶಾಲೆಗಳ ಸೊತ್ತು, ಪೇಟೆಯ ಪುಣೆಗೂ ಅದಕ್ಕೂ ಮಾತುಕತೆಯೇ ಇರಲಿಲ್ಲ ಎನ್ನುತ್ತಾರೆ. ಬಹುಕಾಲ ಅದು ನಿಜವೇ ಆಗಿತ್ತು. ಇಂಗ್ಲಿಷ್ ಬಲ್ಲವರ, ಹೆಚ್ಚಾಗಿ ಗಂಡುಹುಡುಗರ ಲೋಕ ಅದು ಎಂಬುದನ್ನು ಒಪ್ಪಲೇಬೇಕು. ಆದರೆ 1978ರಲ್ಲಿ ಪುಣೆಯ ಥಿಯೇಟರ್ ಅಕಾಡೆಮಿ ‘ತೀನ್ ಪೈಶಾಚಾ ತಮಾಶಾ’ ಆಡಿತು. ಬ್ರೆಕ್ಟನ ‘ತ್ರೀಪೆನ್ನಿ ಆಪೆರಾ’ಕ್ಕೆ ಪು.ಲ. ದೇಶಪಾಂಡೆ ಕೊಟ್ಟ ಮರಾಠಿ ರೂಪ ಅದು. ನಿರ್ದೇಶನ ಜಬ್ಬಾರ್ ಪಟೇಲರದು. ನಾಯಕನ ಪಾತ್ರಕ್ಕೆ ಬಂದವರು ಮುಂಬೈಯ ಬ್ಯಾಂಡುಗಳಲ್ಲಿ ಇಂಗ್ಲಿಷ್ ರಾಕ್ ಹಾಡುತ್ತಿದ್ದ ನಂದು ಭೆಂಡೆ. ಸಂಗೀತ ಕೊಟ್ಟವರಲ್ಲಿ ಒಬ್ಬರು ಭಾಸ್ಕರ ಚಂದಾವರ್ಕರ್; ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ, ‘ವಂಶವೃಕ್ಷ’, ‘ಒಂದಾನೊಂದು ಕಾಲದಲ್ಲಿ’ ಚಿತ್ರಗಳಿಂದ ನಮಗೂ ಪರಿಚಿತರಾದ ಸಂಗೀತ ನಿರ್ದೇಶಕರು. ನಾಟ್ಯಗೀತೆಯ ಧಾಟಿ ಮತ್ತು ರಾಕ್ ಧಾಟಿ ಒಂದೇ ನಾಟಕದಲ್ಲಿ ಎದುರುಬದುರು ನಿಂತವು, ಅದೂ ಮರಾಠಿ ಮಾತಿನಲ್ಲಿ. ಅದೇ ದಶಕದಲ್ಲಿ ಬೇರೂರಿದ ಫಿರೋದಿಯಾ ಕರಂಡಕ ಸ್ಪರ್ಧೆ ನಾಟಕ, ನೃತ್ಯ, ಚಿತ್ರ, ಗಾಯನ, ವಾದ್ಯಗಳನ್ನೆಲ್ಲ ಒಂದೇ ಪ್ರಯೋಗದಲ್ಲಿ ಬೆಸೆಯಲು ಕಾಲೇಜುಗಳಿಗೆ ಅವಕಾಶ ಕೊಟ್ಟಿತು. 1963ರಿಂದ ಏಕಾಂಕಗಳಿಗೆ ಪುರುಷೋತ್ತಮ ಕರಂಡಕ ಮಾಡಿದ್ದನ್ನೇ ಇದು ಸಂಗೀತಕ್ಕೂ ಮಾಡಿತು. ಅಂದಿನ ಗಿಟಾರ್ ಹುಡುಗರೆಲ್ಲ ಮೇಳದ ಪದಗಳನ್ನು ಬಲ್ಲವರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಬಂದ ಬಳುವಳಿ ಹಾಡಿನದಲ್ಲ, ಊರಿನ ವ್ಯವಸ್ಥೆಯದು: ತಾಲೀಮಿಗೆ ಜಾಗ ಕೊಡುವ ಕಾಲೇಜು, ಸ್ಪರ್ಧೆಯ ಕಾವು, ಹವ್ಯಾಸಿಗಳನ್ನು ಹಗುರಾಗಿ ಕಾಣದ ಪ್ರೇಕ್ಷಕರು.

ಕೊನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನೌಕರಿ ಸಿಕ್ಕಿತು, ಮದುವೆಯಾಯಿತು, ಡ್ರಮ್ಮಿನವನು ಊರು ಬಿಟ್ಟ, ಅಲ್ಲಿಗೆ ಬ್ಯಾಂಡ್ ಮುಗಿಯಿತು. ಇಷ್ಟು ಅಲ್ಪಾಯುಷಿಯಾದದ್ದಕ್ಕೆ ಮಹತ್ವವೆಲ್ಲಿದೆ? ಆದರೆ ಹವ್ಯಾಸ ಎಂದರೆ ಹಗುರವೆಂದು ತಿಳಿಯುವುದಕ್ಕೆ ಪುಣೆಯ ಚರಿತ್ರೆಯೇ ಅಡ್ಡಬರುತ್ತದೆ. ಜಬ್ಬಾರ್ ಪಟೇಲ್ ಮಕ್ಕಳ ವೈದ್ಯರು, ‘ಘಾಶೀರಾಮ್ ಕೋತ್ವಾಲ್’ ನಾಟಕದ ನಾನಾ ಫಡ್ನವೀಸ್ ಪಾತ್ರದ ಮೋಹನ್ ಆಗಾಶೆ ಮನೋವೈದ್ಯರು. ನಮ್ಮಲ್ಲೂ ಸಿ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ದುಡಿಯುತ್ತಲೇ ಭಾವಗೀತೆಗೆ ಹೊಸ ದನಿ ಕೊಟ್ಟವರು. ಒಂದೊಂದು ಬ್ಯಾಂಡಿನ ಆಯುಸ್ಸು ಚಿಕ್ಕದಿರಬಹುದು, ಬ್ಯಾಂಡ್ ಕಟ್ಟುವ ರೂಢಿಯ ಆಯುಸ್ಸು ದೊಡ್ಡದು. ಅಗ್ನೀಯಂಥ ಹಿಂದಿ ರಾಕ್ ಬ್ಯಾಂಡ್, ಈಸಿ ವಾಂಡರ್‌ಲಿಂಗ್ಸ್‌ನಂಥ ಇಂಗ್ಲಿಷ್ ಬ್ಯಾಂಡ್ ಈ ಊರಿನಿಂದ ದೇಶಕ್ಕೆ ಕೇಳಿಸಿದ್ದು ಆ ರೂಢಿಯ ಫಲ. ಹಾಡು ಬಿಟ್ಟ ಗಾಯಕ ಕಿವಿ ಬಿಡುವುದಿಲ್ಲ. ಸ್ವತಃ ವೇದಿಕೆಯಲ್ಲಿ ತಡವರಿಸಿದವನು ಇನ್ನೊಬ್ಬರ ಹೊಸ ಹಾಡನ್ನು ತಾಳ್ಮೆಯಿಂದ ಕೇಳುತ್ತಾನೆ, ದುಡ್ಡು ಕೊಟ್ಟು ಕೇಳುತ್ತಾನೆ. ಸ್ವಂತ ಹಾಡುಗಳ ಬ್ಯಾಂಡುಗಳಿಗೆ ವೇದಿಕೆಯಾದ ಉತ್ಸವಕ್ಕೆ 2010ರಲ್ಲಿ ಪುಣೆ ತವರಾದದ್ದು ಇಂಥ ಕೇಳುಗರಿರುವ ಊರಾದ್ದರಿಂದ ಎಂದು ನಾನು ನಂಬುತ್ತೇನೆ.

ಹೀಗಿದ್ದೂ ಈ ಚರಿತ್ರೆ ಬರಹಕ್ಕೆ ಇಳಿದಿಲ್ಲ. ಸಿಗರೇಟು ಕಂಪನಿಯೊಂದು ನಡೆಸಿದ ಸಿಮ್ಲಾ ಬೀಟ್ ಸ್ಪರ್ಧೆಯ 1970 ಮತ್ತು 1971ರ ಧ್ವನಿಮುದ್ರಿಕೆಗಳು ಉಳಿದದ್ದರಿಂದ ಆ ಬ್ಯಾಂಡುಗಳ ಹೆಸರು ಇಂದಿಗೂ ಗೊತ್ತಿದೆ. ಮುದ್ರಿಕೆಯಾಗದವರ ದನಿ ಅಳಿಯುತ್ತಿದೆ. ಕ್ಯಾಸೆಟ್ಟಿನ ಟೇಪು ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಕರಪತ್ರದ ಕಾಗದ ಹಳದಿಗಟ್ಟಿ ಮುರಿಯುತ್ತದೆ. ಪುಣೆಯಲ್ಲಾಗಲಿ, ಬೆಂಗಳೂರು, ಮೈಸೂರು, ಧಾರವಾಡಗಳಲ್ಲಾಗಲಿ ಒಂದು ಕಾಲಕ್ಕೆ ಗೆಳೆಯರ ಬ್ಯಾಂಡಿನಲ್ಲಿ ಹಾಡಿದವರು ತಮ್ಮ ಟೇಪುಗಳನ್ನು ಡಿಜಿಟಲ್ ಪ್ರತಿ ಮಾಡಿಸಬೇಕು. ಫೋಟೊಗಳ ಹಿಂದೆ ಹೆಸರು, ಇಸವಿ, ಜಾಗ ಬರೆದಿಡಬೇಕು. ಕಾಲೇಜುಗಳು ತಮ್ಮ ಸ್ಪರ್ಧೆಗಳ ದಾಖಲೆಯನ್ನು ಗ್ರಂಥಾಲಯಕ್ಕೆ ಸೇರಿಸಬೇಕು. ಹವ್ಯಾಸಿ ರಂಗಭೂಮಿಗೆ ನಾವು ಕೊಟ್ಟ ಗೌರವ ಹವ್ಯಾಸಿ ಬ್ಯಾಂಡಿಗೂ ಸಲ್ಲಬೇಕು. ಅದಕ್ಕೆ ಬೇಕಾದ ಸಾಕ್ಷ್ಯ ಇಂದು ಮನೆಗಳ ಅಟ್ಟದಲ್ಲಿದೆ, ಅದನ್ನು ಇಳಿಸಿ ಕೊಡಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.