ಎಲೆ ಕಸವಾದ ಬಗೆ

ಅಕ್ಟೋಬರ್ ಕೊನೆಗೆ ಅಮೆರಿಕದ ಮಗನ ಮನೆಗೋ ಮಗಳ ಮನೆಗೋ ಹೋದ ಪುಣೆ, ಚೆನ್ನೈ ಕಡೆಯ ಹಿರಿಯರು ಅಲ್ಲಿ ಕಂಡು ಬೆರಗಾಗುವ ಸಂಗತಿಗಳಲ್ಲಿ ರಸ್ತೆಯಂಚಿಗೆ ಸಾಲಾಗಿ ನಿಲ್ಲಿಸಿದ ಕಂದು ಕಾಗದದ ದೊಡ್ಡ ಚೀಲಗಳೂ ಒಂದು. ಒಳಗಿರುವುದು ಬರೀ ಒಣ ಎಲೆ. ಮನೆಯವರು ಶನಿವಾರವಿಡೀ ಬಳಿದು, ತುಂಬಿ, ಹೊರಗಿಟ್ಟದ್ದು. ಊರಾಡಳಿತದ ಲಾರಿ ಬಂದು ಅದನ್ನು ಒಯ್ಯುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಅದೇ ಮನೆಯವರು ಅಂಗಡಿಗೆ ಹೋಗಿ ಗೊಬ್ಬರದ ಚೀಲ ಹೊತ್ತು ತರುತ್ತಾರೆ. ಎಲೆ ಕೊಟ್ಟು ಗೊಬ್ಬರ ಕೊಳ್ಳುವ ಈ ವ್ಯವಹಾರ ಬಹಳ ಹಳೆಯದಲ್ಲ. ಅದು ಶುರುವಾದದ್ದು ಮರದಿಂದಲೂ ಅಲ್ಲ, ಹುಲ್ಲಿನಿಂದ.

ಹತ್ತೊಂಬತ್ತನೇ ಶತಮಾನದ ನ್ಯೂ ಇಂಗ್ಲೆಂಡ್ ರೈತನಿಗೆ ಉದುರಿದ ಎಲೆಯಿಂದ ಕೆಲಸವಿತ್ತು. ದನದ ಕೊಟ್ಟಿಗೆಗೆ ಹಾಸಲು ಬೇಕು, ಗೊಬ್ಬರದ ಗುಂಡಿಗೆ ಬೇಕು. ಚಳಿಗಾಲಕ್ಕೆ ಮೊದಲು ಮನೆಯ ಬುಡದ ಸುತ್ತ ಎಲೆ, ಹುಲ್ಲು, ಕರಾವಳಿಯಲ್ಲಾದರೆ ಕಡಲಪಾಚಿ ಒಟ್ಟಿ, ನೆಲದಡಿಯಿಂದ ನುಗ್ಗುವ ಶೀತಗಾಳಿಗೆ ತಡೆ ಮಾಡುವ ರೂಢಿಯೂ ಇತ್ತು. ವಸಂತ ಬಂದಾಗ ಅದನ್ನೇ ಕಿತ್ತು ತೋಟಕ್ಕೆ ಹಾಕಿದರಾಯಿತು. ಮಲೆನಾಡಿನಲ್ಲಿ ತರಗೆಲೆ ಗುಡಿಸಿ ಕೊಟ್ಟಿಗೆಗೆ ಹಾಸಿ, ಆ ಗೊಬ್ಬರವನ್ನು ಅಡಿಕೆ ತೋಟಕ್ಕೆ ಒಯ್ಯುವುದನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಕಾಣದು.

ಎಲೆಯ ನಸೀಬು ಬದಲಾಗಲು ಕಾರಣವಾದದ್ದು ಇಂಗ್ಲೆಂಡಿನ ಒಂದು ಬಟ್ಟೆ ಗಿರಣಿಯ ಯಂತ್ರ. ಉಣ್ಣೆ ಬಟ್ಟೆಯ ಮೇಲೆ ಎದ್ದು ನಿಂತ ನವಿರನ್ನು ಸಮನಾಗಿ ಕತ್ತರಿಸಲು ಸುರುಳಿ ಅಲಗಿನ ಉರುಳೆಯೊಂದನ್ನು ಬಳಸುತ್ತಿದ್ದರು. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಊರಿನ ಎಡ್ವಿನ್ ಬಡ್ಡಿಂಗ್ ಎಂಬಾತನಿಗೆ ಅದನ್ನು ನೆಲದ ಮೇಲೂ ಓಡಿಸಬಹುದು ಎಂದು ಹೊಳೆಯಿತು. 1830ರಲ್ಲಿ ಅವನು ಪೇಟೆಂಟ್ ಪಡೆದದ್ದೇ ಹುಲ್ಲು ಕತ್ತರಿಸುವ ಮೊದಲ ಯಂತ್ರ. ಅಲ್ಲಿಯವರೆಗೆ ಹುಲ್ಲುಹಾಸು ಎಂದರೆ ಜಮೀನ್ದಾರರ ಸೊತ್ತು. ಅದನ್ನು ಸಮವಾಗಿಡಲು ಕುರಿಮಂದೆ ಬೇಕು, ಇಲ್ಲವೇ ಉದ್ದ ಹಿಡಿಯ ಕುಡುಗೋಲು ಬೀಸಬಲ್ಲ ಆಳುಗಳು ಬೇಕು. ಯಂತ್ರ ಬಂದ ಮೇಲೆ ಕಾಲು ಎಕರೆಯವನೂ ಜಮೀನ್ದಾರನಂತೆ ಕಾಣಿಸಿಕೊಳ್ಳಬಹುದಾಯಿತು.

ಅಮೆರಿಕದಲ್ಲಿ ಇದಕ್ಕೊಂದು ನೀತಿಯ ಬಣ್ಣವೂ ಬಂತು. 1870ರಲ್ಲಿ ಫ್ರಾಂಕ್ ಜೆ. ಸ್ಕಾಟ್ ಎಂಬಾತ ಉಪನಗರದ ಮನೆಗಳ ಅಂಗಳವನ್ನು ಅಂದಗೊಳಿಸುವ ಬಗ್ಗೆ ದಪ್ಪ ಪುಸ್ತಕವೊಂದನ್ನು ಬರೆದ. ಮನೆ ಮುಂದೆ ಎತ್ತರದ ಬೇಲಿ ಹಾಕುವುದು ನೆರೆಹೊರೆಗೆ ಸಲ್ಲದ ನಡತೆ, ಒಬ್ಬರ ಹುಲ್ಲು ಇನ್ನೊಬ್ಬರ ಹುಲ್ಲಿಗೆ ಸೇರಿಕೊಂಡು ಇಡೀ ಬೀದಿ ಒಂದೇ ತೋಟದಂತಿರಬೇಕು ಎಂಬುದು ಅವನ ವಾದ. ಉದಾರವಾದ ಮಾತೇ. ಆದರೆ ಬೇಲಿ ಹೋದಮೇಲೆ ಅಂಗಳ ಮನೆಯವರದಾಗಿ ಉಳಿಯಲಿಲ್ಲ, ಬೀದಿಯ ಕಣ್ಣಿಗೆ ಬಿತ್ತು. ಗಾಳಿ ಬೀಸಿದರೆ ಒಬ್ಬನ ಎಲೆ ಇನ್ನೊಬ್ಬನ ಹುಲ್ಲಿನ ಮೇಲೆ.

ಹುಲ್ಲಿಗೂ ತನ್ನದೇ ಹಟವಿದೆ. ಉತ್ತರದ ರಾಜ್ಯಗಳ ಅಂಗಳಗಳಲ್ಲಿ ಹಬ್ಬಿರುವ ಕೆಂಟಕಿ ಬ್ಲೂಗ್ರಾಸ್ ಹೆಸರಿಗಷ್ಟೇ ಕೆಂಟಕಿಯದು, ಬಂದದ್ದು ಯುರೋಪಿನಿಂದ. ತಂಪಿನಲ್ಲಿ ಬೆಳೆಯುವ ಜಾತಿ ಅದು. ಬೇಸಿಗೆಯಲ್ಲಿ ಸೊರಗಿ, ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಚಿಗುರಿ ಬೇರು ಇಳಿಸುತ್ತದೆ. ಅದಕ್ಕೆ ಬೆಳಕು ಬೇಕಾದ ಹೊತ್ತಿಗೇ ಮೇಪಲ್, ಓಕ್ ಮರಗಳು ಮೇಲಿನಿಂದ ಕಂಬಳಿ ಹೊದಿಸುತ್ತವೆ. ನೆನೆದು ಹಾಳೆಯಂತೆ ಅಂಟಿಕೊಂಡ ಎಲೆಗಳಡಿಯಲ್ಲಿ, ಅದರ ಮೇಲೆ ಹಿಮವೂ ಕೂತರೆ, ಹುಲ್ಲು ಬೂಷ್ಟು ಹಿಡಿದು ಸಾಯುತ್ತದೆ. ಹಾಗಾಗಿ ಚಳಿಗಾಲದ ಮುಂಚಿನ ಕೆಲಸಗಳೆಲ್ಲ, ಅಂದರೆ ಎಲೆ ಬಳಿಯುವುದು, ಬೀಜ ಬಿತ್ತುವುದು, ಕೊನೆಯ ಸುತ್ತಿನ ಗೊಬ್ಬರ, ಕೊನೆಯ ಕತ್ತರಿ, ಹುಲ್ಲಿನ ಪಂಚಾಂಗಕ್ಕೆ ಕಟ್ಟುಬಿದ್ದವು. ಒಹಾಯೊದ ಮೇರಿಸ್‌ವಿಲ್‌ನ ಸ್ಕಾಟ್ಸ್ ಬೀಜದ ಕಂಪನಿ (ಪುಸ್ತಕದ ಸ್ಕಾಟನಿಗೂ ಇದಕ್ಕೂ ಸಂಬಂಧವಿಲ್ಲ) 1928ರಲ್ಲಿ ಹುಲ್ಲುಹಾಸಿಗೆಂದೇ ಗೊಬ್ಬರ ಮಾರಲು ತೊಡಗಿತು. ಮರ ಪುಕ್ಕಟೆ ಕೊಡುತ್ತಿದ್ದದ್ದು ಚೀಲದಲ್ಲಿ ಬಂತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇದು ಕಟ್ಟಳೆಯೇ ಆಯಿತು. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ 1947ರಿಂದ 1951ರೊಳಗೆ 17,000ಕ್ಕೂ ಹೆಚ್ಚು ಮನೆ ಎದ್ದು ಲೆವಿಟೌನ್ ಎನಿಸಿಕೊಂಡಿತು. ಬೇಲಿ ಹಾಕಕೂಡದು, ಬೆಳೆಯುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಹುಲ್ಲು ಕತ್ತರಿಸಲೇಬೇಕು ಎಂದು ಒಪ್ಪಂದದಲ್ಲೇ ಇತ್ತು. ಕರಿಯರಿಗೆ ಮನೆ ಕೊಡಕೂಡದು ಎಂಬ ನಿಯಮವೂ ಅದೇ ಊರಿನದು. ಅಂಗಳ ಒಪ್ಪವಾಗಿರಬೇಕು ಎಂಬ ಮಾತು ಯಾವ ಮಾತಿನ ಪಕ್ಕ ಕೂತಿತ್ತು ಎಂಬುದನ್ನು ಮರೆತು ಈ ಇತಿಹಾಸ ಹೇಳುವುದು ಸರಿಯಲ್ಲ.

ನೆಟ್ಟ ಸಸಿಗಳು ಮರವಾದಂತೆ ಎಲೆಯೂ ಹೆಚ್ಚಿತು. ಮೊದಮೊದಲು ಬೆಂಕಿಯೇ ದಾರಿ. ರಸ್ತೆಯಂಚಿಗೆ ರಾಶಿ ಹಾಕಿ ಕಡ್ಡಿ ಗೀರುವುದು. ಆ ತಲೆಮಾರಿನ ಅಮೆರಿಕನ್ನರು ಶರತ್ಕಾಲವೆಂದರೆ ಇಂದಿಗೂ ಆ ಹೊಗೆಯ ವಾಸನೆಯನ್ನು ನೆನೆಯುತ್ತಾರೆ. 1970ರ ಶುದ್ಧ ಗಾಳಿ ಕಾಯಿದೆಯ ಆಸುಪಾಸಿನಲ್ಲಿ ಊರೂರುಗಳು ಅದನ್ನು ನಿಷೇಧಿಸತೊಡಗಿದವು. ದಿಲ್ಲಿಯವರಿಗೆ ಈ ಜಗಳ ಗೊತ್ತಿದೆ. ಅಲ್ಲಿ ಬೇವು, ಅರಳಿ ಎಲೆ ಉದುರಿಸುವುದು ಚಳಿ ಕಳೆದ ಮೇಲೆ, ಅಷ್ಟೇ ವ್ಯತ್ಯಾಸ. ಎಲೆ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿದ್ದು 2015ರಲ್ಲಿ.

ಬೆಂಕಿ ಹೋದಲ್ಲಿ ಪ್ಲಾಸ್ಟಿಕ್ ಚೀಲ ಬಂತು. ಚೀಲ ಕಟ್ಟಿದ ಎಲೆ ನೇರ ಕಸದ ಗುಂಡಿಗೆ. ಗಾಳಿಯಾಡದ ಆ ಆಳದಲ್ಲಿ ಅದು ಗೊಬ್ಬರವಾಗುವುದಿಲ್ಲ, ಕೊಳೆತು ಮೀಥೇನ್ ಉಗುಳುತ್ತದೆ. 1980ರ ದಶಕದ ಕೊನೆಗೆ ಅಮೆರಿಕದ ಊರುಗಳ ಕಸದಲ್ಲಿ ಸುಮಾರು ಆರರಲ್ಲೊಂದು ಪಾಲು ಅಂಗಳದ ಹುಲ್ಲು, ಎಲೆ, ಕಡ್ಡಿಗಳೇ ಆಗಿದ್ದವು. ಗುಂಡಿಗಳು ತುಂಬುತ್ತಿದ್ದವು. ನ್ಯೂಜೆರ್ಸಿ 1988ರಲ್ಲಿ, ಇಲಿನಾಯ್ 1990ರಲ್ಲಿ ಗುಂಡಿಗೆ ಎಲೆ ಸುರಿಯುವುದನ್ನು ತಡೆದವು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ಬಗೆಯ ನಿಯಮ ತಂದವು. ಕೊಳೆಯಬಲ್ಲ ಕಾಗದದ ಚೀಲಗಳು ರಸ್ತೆಗೆ ಬಂದದ್ದು ಹೀಗೆ.

ಇಷ್ಟರಲ್ಲಿ ಬಳಿಯುವ ಕೈಯೂ ಬದಲಾಗಿತ್ತು. ಲೀಫ್ ಬ್ಲೋವರ್ 1970ರ ದಶಕದ ಆರಂಭದಲ್ಲಿ ಜಪಾನಿನಿಂದ ಬಂದ ಯಂತ್ರ. ಅದಕ್ಕೆ ಮಾರುಕಟ್ಟೆ ಒದಗಿಸಿದ್ದು ಕ್ಯಾಲಿಫೋರ್ನಿಯಾದ ಬರ. ನೀರು ಬಿಟ್ಟು ಅಂಗಳ ತೊಳೆಯಕೂಡದು ಎಂದಾಗ ಗಾಳಿ ಊದಿ ಗುಡಿಸಿದರು. 1975ಕ್ಕೇ ಕಾರ್ಮೆಲ್ ಎಂಬ ಶ್ರೀಮಂತ ಕರಾವಳಿ ಊರು ಗದ್ದಲ ತಾಳದೆ ಅದನ್ನು ನಿಷೇಧಿಸಿತು. ಲಾಸ್ ಏಂಜಲೀಸ್ ಅದೇ ದಾರಿ ಹಿಡಿದಾಗ, 1998ರ ಜನವರಿಯಲ್ಲಿ, ಲ್ಯಾಟಿನ್ ಅಮೆರಿಕ ಮೂಲದ ತೋಟಗಾರರು ನಗರಸಭೆಯ ಮುಂದೆ ಉಪವಾಸ ಕೂತರು. ದಿನಕ್ಕೆ ಹಲವು ಮನೆಯ ಅಂಗಳ ಮುಗಿಸಿದರಷ್ಟೇ ಅವರಿಗೆ ಗಿಟ್ಟುತ್ತಿತ್ತು. ರೇಕ್ ಹಿಡಿದರೆ ಹೊತ್ತು ಹೆಚ್ಚು, ಕೂಲಿ ಅಷ್ಟೇ. ಗದ್ದಲ ಬೇಡವೆಂದವರೂ ಎಲೆ ಬೇಡವೆಂದವರೂ ಒಂದೇ ಮನೆಯವರು. ನಡುವೆ ಸಿಕ್ಕಿಕೊಂಡವನು ಯಂತ್ರ ಹೊತ್ತವನು. ಹೊಗೆಯನ್ನು ಮೊದಲು ಕುಡಿಯುವವನೂ ಅವನೇ. ವೃತ್ತಿಪರರು ಬಳಸುವ ಪೆಟ್ರೋಲ್ ಬ್ಲೋವರನ್ನು ಒಂದು ಗಂಟೆ ಓಡಿಸಿದರೆ ಕಾರಿನಲ್ಲಿ ಸುಮಾರು 1,770 ಕಿಲೋಮೀಟರ್ ಹೋದಷ್ಟು ಹೊಂಜು ಕಾರುವ ಮಾಲಿನ್ಯ ಎಂದು ಕ್ಯಾಲಿಫೋರ್ನಿಯಾದ ವಾಯು ಮಂಡಳಿಯೇ ಲೆಕ್ಕ ಹಾಕಿದೆ. ವಾಷಿಂಗ್ಟನ್ ನಗರ 2022ರಿಂದ ಅವನ್ನು ನಿಷೇಧಿಸಿತು.

ಎಲೆಯನ್ನು ಒಯ್ಯಲೇಬೇಕಿತ್ತೇ ಎಂಬ ಪ್ರಶ್ನೆ ತಡವಾಗಿ ಬಂತು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಹುಲ್ಲುತಜ್ಞರು ಎಲೆಯ ಮೇಲೆಯೇ ಮೋವರ್ ಓಡಿಸಿ, ಪುಡಿ ಮಾಡಿ ಅಲ್ಲೇ ಬಿಟ್ಟು ನೋಡಿದರು. ಹುಲ್ಲಿಗೆ ಹಾನಿಯಾಗಲಿಲ್ಲ. ಪುಡಿ ಸಂದಿನಲ್ಲಿ ಇಳಿದು ಮಣ್ಣು ಸೇರಿತು. ಬಡ್ಡಿಂಗನ ಯಂತ್ರದ ವಂಶದ್ದೇ ಈ ಪರಿಹಾರ. ಕೀಟ ಬಲ್ಲವರು ಇನ್ನೂ ಮುಂದೆ ಹೋಗುತ್ತಾರೆ: ಪುಡಿಯೂ ಬೇಡ, ಮರದ ಬುಡದಲ್ಲಾದರೂ ಎಲೆ ಇಡಿಯಾಗಿ ಇರಲಿ. ಮಿಂಚುಹುಳದ ಮರಿಗಳು ಅಲ್ಲೇ ಬೇಟೆಯಾಡಿ ಬೆಳೆಯುತ್ತವೆ. ತಿಳಿಹಸಿರು ರೆಕ್ಕೆಯ ಲೂನಾ ಪತಂಗ ಎಲೆಯನ್ನೇ ಸುತ್ತಿಕೊಂಡು ಗೂಡು ಕಟ್ಟಿ ಚಳಿಗಾಲ ಕಳೆಯುತ್ತದೆ. ಬಳಿಯುವವನ ಕಣ್ಣಿಗೆ ಅದೂ ಇನ್ನೊಂದು ಒಣ ಎಲೆ. ಚೀಲದೊಳಗೆ ಹೋಗುತ್ತದೆ.

ಈಗ ಕೆಲವರು ಬಿಟ್ಟುಬಿಡುತ್ತಿದ್ದಾರೆ. ಆದರೆ ಬೀದಿಯ ಕಣ್ಣು ಹೋಗಿಲ್ಲ, ಎಲೆ ತೆಗೆಯದಿದ್ದರೆ ನೋಟಿಸು ಕಳಿಸುವ ನಿವಾಸಿ ಸಂಘಗಳೂ ಇವೆ. ಅದಕ್ಕೇ ಕೀಟ ಸಂರಕ್ಷಣೆಯ ಜೆರ್ಸೀಸ್ ಸೊಸೈಟಿ ಅಂಗಳದಲ್ಲಿ ನೆಡುವ ಪುಟ್ಟ ಬೋರ್ಡುಗಳನ್ನು ಮಾಡಿಸಿದೆ. ಎಲೆಯನ್ನು ಬೇಕೆಂದೇ ಬಿಟ್ಟಿದ್ದೇವೆ, ಸೋಮಾರಿತನದಿಂದಲ್ಲ ಎಂದು ದಾರಿಹೋಕರಿಗೆ ತಿಳಿಯಲಿ ಎಂದು.