ಹುಡುಕಿದರೆ ಸಿಗುವ ಹಾಗೆ ಬರೆಯೋಣ: ಗಡಿನಾಡ ಸದಸ್ಯರಿಗೆ ಅಂತರ್ಜಾಲ ಮತ್ತು ಬ್ಲಾಗ್ ಮಾಹಿತಿ



ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗ ಆದವಾನಿ, ಆಲೂರು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಸೇರಿದವು. ಬಳ್ಳಾರಿಯ ಉಳಿದ ಭಾಗ ಮೈಸೂರಿಗೆ ಹೋಯಿತು. ಆ ದಿನ 10 ವರ್ಷದವರಾಗಿದ್ದವರಿಗೆ ಈಗ 80 ದಾಟಿದೆ. ಅವರು ಕಂಡದ್ದು, ಕೇಳಿದ್ದು ಇನ್ನೂ ಬಹುಪಾಲು ಬಾಯಲ್ಲೇ ಇದೆ. ಮೊಮ್ಮಕ್ಕಳು ತೆಲುಗು ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ, ಊರಿನ ಬಗ್ಗೆ ಏನು ಬೇಕಾದರೂ ಫೋನಿನಲ್ಲಿ ಹುಡುಕುತ್ತಾರೆ. ಯಾರೋ ಒಬ್ಬರು ಬರೆದಿಟ್ಟಿದ್ದರೆ ಮಾತ್ರ ಅಲ್ಲಿ ಸಿಗುತ್ತದೆ. ಬರೆಯದೆ ಹೋದದ್ದು ಇರಲೇ ಇಲ್ಲ ಎಂದಾಗುತ್ತದೆ.

ಹಾಗಾಗಿ ಬರೆಯುವುದು ಮಾತ್ರ ಸಾಲದು, ಹುಡುಕಿದವರಿಗೆ ಸಿಗುವ ಹಾಗೆ ಬರೆಯಬೇಕು. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಇಲ್ಲಿ ಕ್ರಮವಾಗಿ ಕೊಟ್ಟಿದೆ. ಕಂಪ್ಯೂಟರ್ ಇಲ್ಲದವರೂ ಬಹಳಷ್ಟನ್ನು ಫೋನಿನಲ್ಲೇ ಮಾಡಬಹುದು.

1. ಮೊದಲು ಅಕ್ಷರ ಸರಿಯಿರಲಿ

1998ರಲ್ಲಿ ಶೇಷಾದ್ರಿವಾಸು ಅವರು ತಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ಇವೆರಡೂ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿವೆ. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಾಣುತ್ತವೆ. ಗೂಗಲ್‌ಗೂ ಅದು ಕನ್ನಡವೆಂದು ತಿಳಿಯುವುದಿಲ್ಲ.

ಇದಕ್ಕೆ ಪರಿಹಾರ ಯುನಿಕೋಡ್. ಕಚೇರಿಯಲ್ಲಿ ಪ್ರತಿ ಕಾಗದಕ್ಕೂ ಒಂದು ಆವಕ ಸಂಖ್ಯೆ ಇರುವಂತೆ ಯುನಿಕೋಡಿನಲ್ಲಿ ಜಗತ್ತಿನ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ತೆಲುಗಿಗೆ 3072ರಿಂದ 3199ರ ವರೆಗಿನ ಜಾಗ, ಅದರ ಮಗ್ಗುಲಲ್ಲೇ ಕನ್ನಡಕ್ಕೆ 3200ರಿಂದ 3327ರ ವರೆಗಿನ ಜಾಗ. ತೆಲುಗಿನ ‘ಕ’ 3093 ಆದರೆ ಕನ್ನಡದ ‘ಕ’ 3221. ಅಕ್ಷರ ನೋಡಲು ಹತ್ತಿರವಾದರೂ ಸಂಖ್ಯೆ ಬೇರೆ. ಆದ್ದರಿಂದ ತೆಲುಗು ಕೀಲಿಮಣೆಯಲ್ಲಿ ಬರೆದ ಕನ್ನಡ ಪದ ಕನ್ನಡದ ಹುಡುಕಾಟದಲ್ಲಿ ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಎರಡೂ ಕೀಲಿಮಣೆ ಇರುವ ಫೋನಿನಲ್ಲಿ ಈ ಬೆರಕೆ ಸುಲಭವಾಗಿ ಆಗುತ್ತದೆ. ಬರೆಯುವ ಮೊದಲು ಯಾವ ಭಾಷೆ ಆಯ್ಕೆಯಾಗಿದೆ ಎಂದು ನೋಡಿಕೊಳ್ಳಿ.

ಹಳೆಯ ಕಡತಗಳನ್ನು ಬಿಸಾಡಬೇಕಿಲ್ಲ. ನುಡಿ, ಬರಹ ಎರಡರಲ್ಲೂ ಹಳೆಯದನ್ನು ಯುನಿಕೋಡಿಗೆ ಪರಿವರ್ತಿಸುವ ಸೌಲಭ್ಯ ಇದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯೇ ಎಂದು ಒಮ್ಮೆ ಓದಿ ನೋಡಿ.

2. ಟೈಪ್ ಮಾಡುವ ವಿಧಾನ

ಆಂಡ್ರಾಯ್ಡ್ ಫೋನಿನ ಜಿಬೋರ್ಡ್ ಕೀಲಿಮಣೆಯ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ. ಕನ್ನಡ ಅಕ್ಷರಗಳ ಕೀಲಿಮಣೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವುದು, ಬೆರಳಲ್ಲಿ ತೆರೆಯ ಮೇಲೆ ಬರೆಯುವುದು, ಈ ಮೂರರಲ್ಲಿ ಒಗ್ಗಿದ್ದನ್ನು ಆರಿಸಿಕೊಳ್ಳಿ. ಮೈಕ್ ಗುರುತು ಒತ್ತಿ ಮಾತಾಡಿದರೂ ಅಕ್ಷರ ಮೂಡುತ್ತದೆ. ಕೈ ನಡುಗುವ ಹಿರಿಯರಿಗೆ ಇದು ಬಹಳ ಅನುಕೂಲ. ನಮ್ಮ ಕಡೆಯ ಆಡುಮಾತನ್ನು ಯಂತ್ರ ತಪ್ಪಾಗಿ ಕೇಳಿಸಿಕೊಳ್ಳುವುದುಂಟು, ಮನೆಯ ಮಕ್ಕಳು ಕೂತು ತಿದ್ದಿಕೊಡಲಿ.

ವಿಂಡೋಸ್ ಕಂಪ್ಯೂಟರಿನಲ್ಲಿ ಭಾಷೆಯ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ. ಭಾರತೀಯ ಭಾಷೆಗಳಿಗೆಲ್ಲ ಇದರಲ್ಲಿ ಒಂದೇ ವಿನ್ಯಾಸ. ತೆಲುಗಿನಲ್ಲಿ ‘ಕ’ ಎಲ್ಲಿದೆಯೋ ಕನ್ನಡದಲ್ಲೂ ಅಲ್ಲೇ ಇದೆ. ಕಚೇರಿಯಲ್ಲಿ ತೆಲುಗು ಇನ್‌ಸ್ಕ್ರಿಪ್ಟ್ ಕಲಿತವರು ಕನ್ನಡಕ್ಕೆಂದು ಬೇರೆ ಕಲಿಯಬೇಕಿಲ್ಲ.

ಹಳೆಯ ಅಚ್ಚಾದ ಪುಟವಿದ್ದರೆ ಅದರ ಫೋಟೋವನ್ನು ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಚಿತ್ರದ ಕೆಳಗೆ ಅಕ್ಷರರೂಪ ಬರುತ್ತದೆ. ತಪ್ಪುಗಳಿರುತ್ತವೆ, ಮೂಲದೊಂದಿಗೆ ಹೋಲಿಸಿ ತಿದ್ದಲೇಬೇಕು.

3. ಎಲ್ಲಿ ಬರೆಯಬೇಕು?

ವಾಟ್ಸಾಪ್: ಸಭೆಯ ಸೂಚನೆ, ಶುಭಾಶಯಕ್ಕೆ ಸಾಕು. ಗುಂಪಿನ ಹೊರಗಿನವರು ಹುಡುಕಿದರೆ ಅದರಲ್ಲಿರುವುದು ಸಿಗುವುದಿಲ್ಲ. ಫೋನ್ ಕೆಟ್ಟರೆ ಅದರ ಜೊತೆಗೇ ಹೋಗುವುದೂ ಉಂಟು.

ಫೇಸ್‌ಬುಕ್: ಹೆಚ್ಚು ಜನ ನೋಡುತ್ತಾರೆ. ಆದರೆ ಹಳೆಯ ಬರಹ ಕೆಳಗೆ ಸರಿದುಹೋಗುತ್ತದೆ, ವರ್ಷ ಕಳೆದ ಮೇಲೆ ಹುಡುಕುವುದು ಕಷ್ಟ.

ವಿಕಿಪೀಡಿಯ: ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಆರಂಭವಾಯಿತು. ಅಲ್ಲಿ ಬರೆಯುವ ಸಂಗತಿಗೆ ಪ್ರಕಟವಾದ ಆಧಾರ ಬೇಕು. ಉದಾಹರಣೆಗೆ, ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದಲ್ಲಿವೆ. ಮೊದಲ ಭಾಗ 1939ರಲ್ಲಿ ಅಚ್ಚಾಯಿತು. ನಿಮ್ಮೂರಿನ ಶಾಸನ ಅದರಲ್ಲಿದ್ದರೆ ಊರಿನ ಪುಟದಲ್ಲಿ ಅದನ್ನೇ ಆಧಾರವಾಗಿ ಕೊಡಬಹುದು. ಅಜ್ಜಿ ಹೇಳಿದ ಮಾತು ಅಲ್ಲಿ ಆಧಾರವಾಗುವುದಿಲ್ಲ.

ಬ್ಲಾಗ್: ಅಜ್ಜಿ ಹೇಳಿದ ಮಾತಿಗೆ ಇದೇ ಜಾಗ. ಇದು ನಿಮ್ಮದೇ ಪುಟ, ಯಾರೂ ಓದಬಹುದು, ಹುಡುಕಿದರೆ ಸಿಗುತ್ತದೆ. ಗೂಗಲ್‌ನ ಬ್ಲಾಗರ್ ಸೇವೆಗೆ ಹಣ ಕೊಡಬೇಕಿಲ್ಲ. ವರ್ಡ್‌ಪ್ರೆಸ್‌ನಲ್ಲೂ ಉಚಿತವಾಗಿ ಆರಂಭಿಸಬಹುದು.

4. ಬ್ಲಾಗ್ ತೆರೆಯುವ ಕ್ರಮ

ಜಿಮೇಲ್ ಖಾತೆಯಿಂದ ಬ್ಲಾಗರ್‌ಗೆ ಪ್ರವೇಶಿಸಿ ಹೊಸ ಬ್ಲಾಗ್ ಆರಿಸಿ. ಶೀರ್ಷಿಕೆ ಕನ್ನಡದಲ್ಲಿರಲಿ. ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು, ಚಿಕ್ಕದಾಗಿರಲಿ. ‘ಹೊಸ ಪೋಸ್ಟ್’ ಒತ್ತಿ ಬರೆಯಿರಿ, ಉಳಿಸಿ, ಇನ್ನೊಮ್ಮೆ ಓದಿ ಪ್ರಕಟಿಸಿ.

ಒಂದು ಸೂಕ್ಷ್ಮ ಇದೆ. ಲೇಖನದ ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಅದರ ಕೊಂಡಿಗೆ ‘ಬ್ಲಾಗ್-ಪೋಸ್ಟ್’ ಎಂಬ ಸಾಮಾನ್ಯ ಹೆಸರಿಡುತ್ತದೆ. ಪ್ರಕಟಿಸುವ ಮೊದಲೇ ಬಲಬದಿಯ ಪರ್ಮಾಲಿಂಕ್‌ನಲ್ಲಿ ಊರು ಮತ್ತು ವಿಷಯದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಅಲ್ಲೇ ಇರುವ ಲೇಬಲ್ ಜಾಗದಲ್ಲಿ ಊರಿನ ಹೆಸರು, ‘ಶಾಲೆ’, ‘ಜಾತ್ರೆ’, ‘ಹಾಡು’ ಎಂಬಂತೆ ವಿಂಗಡಿಸಿದರೆ ಬ್ಲಾಗ್ ಬೆಳೆದಾಗ ಹುಡುಕಲು ಸುಲಭ.

ಫೋಟೋ ಹಾಕಿದರೆ ಅದರ ಕೆಳಗೆ ಯಾರು, ಎಲ್ಲಿ, ಯಾವ ವರ್ಷ ಎಂದು ಅಕ್ಷರದಲ್ಲಿ ಬರೆಯಿರಿ. ಆಮಂತ್ರಣವನ್ನು ಬರೀ ಚಿತ್ರವಾಗಿ ಹಾಕಿದರೆ ಅದರಲ್ಲಿರುವ ವಿಷಯ ಹುಡುಕಾಟಕ್ಕೆ ಸಿಗುವ ಭರವಸೆಯಿಲ್ಲ.

5. ಊರಿನ ಹೆಸರು ಬರೆಯುವ ಬಗೆ

ನಮ್ಮ ಭಾಗಕ್ಕೆ ಇದು ಮುಖ್ಯ. ನಾವು ಆದವಾನಿ ಎನ್ನುತ್ತೇವೆ, ಬೋರ್ಡಿನಲ್ಲಿ ಆದೋನಿ ಎಂದಿದೆ. ಎರಡೂ ಒಂದೇ ಊರೆಂದು ಯಂತ್ರಕ್ಕೆ ಯಾವಾಗಲೂ ತಿಳಿಯುವುದಿಲ್ಲ. ಮೊದಲ ಪ್ಯಾರಾದಲ್ಲೇ ಎರಡೂ ರೂಪ ಬರಲಿ. ಬರೀ ಆಲೂರು ಎಂದರೆ ಹಾಸನ ಜಿಲ್ಲೆಯ ಆಲೂರು ಎದುರಾಗುತ್ತದೆ. ಎಮ್ಮಿಗನೂರು ಎಂಬ ಊರು ಬಳ್ಳಾರಿ ಜಿಲ್ಲೆಯಲ್ಲೂ ಇದೆ. ಆದ್ದರಿಂದ ‘ಕರ್ನೂಲು ಜಿಲ್ಲೆಯ ಆಲೂರು’ ಎಂದೇ ಬರೆಯಿರಿ.

ಹುಡುಕುವಾಗಲೂ ಇದೇ ರೀತಿ. ಊರು, ಜಿಲ್ಲೆ, ವಿಷಯ ಮೂರನ್ನೂ ಸೇರಿಸಿ. ಅದೇ ಪದಗಳು ಅದೇ ಕ್ರಮದಲ್ಲಿ ಬೇಕೆಂದರೆ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದು ಹುಡುಕಿ.

6. ಏನು ಹಾಕಬಹುದು, ಏನು ಹಾಕಬಾರದು

ಬೇರೆಯವರ ಕವಿತೆ, ಕಥೆ, ಪುಸ್ತಕವನ್ನು ಹಾಗೇ ಎತ್ತಿ ಹಾಕಬಾರದು. ನಮ್ಮ ದೇಶದಲ್ಲಿ ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಬರಹಕ್ಕೆ ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಅನುಮತಿ ಪಡೆದರೆ ಹಾಕಬಹುದು.

ಹಿರಿಯರ ಮಾತು ದಾಖಲಿಸುವಾಗ, ಇದನ್ನು ಎಲ್ಲರೂ ಓದುತ್ತಾರೆ ಎಂದು ಮೊದಲೇ ಹೇಳಿ ಒಪ್ಪಿಗೆ ಕೇಳಿ. ಆಧಾರ್, ಫೋನ್ ನಂಬರ್, ಮನೆ ವಿಳಾಸ, ಹೊಲದ ತಕರಾರು, ಮಕ್ಕಳ ಶಾಲೆಯ ವಿವರ ಬೇಡ. ಕಂಡದ್ದನ್ನು ‘ಕಂಡದ್ದು’, ಕೇಳಿದ್ದನ್ನು ‘ಕೇಳಿದ್ದು’ ಎಂದು ಬೇರೆಬೇರೆಯಾಗಿ ಬರೆಯಿರಿ.

7. ಉಳಿಯುವಂತೆ ನೋಡಿಕೊಳ್ಳುವುದು

ಉಚಿತ ಸೇವೆ ಶಾಶ್ವತವಲ್ಲ. ಯಾಹೂ ಕಂಪನಿ 2009ರಲ್ಲಿ ಜಿಯೋಸಿಟೀಸ್ ಸೇವೆಯನ್ನು ಮುಚ್ಚಿದಾಗ ಜನ ವರ್ಷಗಟ್ಟಲೆ ಕಟ್ಟಿದ್ದ ಪುಟಗಳು ಅಳಿಸಿಹೋದವು. 2 ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು. ಆದ್ದರಿಂದ:

– ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಒತ್ತಿ ಪ್ರತಿಯನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿಡಿ. ವರ್ಷಕ್ಕೆ 2 ಸಲವಾದರೂ ಮಾಡಿ.

– ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ನಿಮ್ಮ ಪುಟದ ಕೊಂಡಿ ಕೊಟ್ಟರೆ ಅದು ಒಂದು ಪ್ರತಿ ತೆಗೆದಿಡುತ್ತದೆ.

– ಮನೆಯವರೊಬ್ಬರನ್ನು ಬ್ಲಾಗಿಗೆ ಎರಡನೇ ನಿರ್ವಾಹಕರಾಗಿ ಸೇರಿಸಿ. ಖಾತೆ ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕೆಂದು ಗೂಗಲ್ ಖಾತೆಯಲ್ಲೇ ನಮೂದಿಸಬಹುದು. ನಮ್ಮಂಥ ವಯಸ್ಸಿನವರು ಇದನ್ನು ಮುಂದೂಡಬಾರದು.

8. ಖಾತೆಯ ರಕ್ಷಣೆ

ಪಾಸ್‌ವರ್ಡ್ ಉದ್ದವಾಗಿರಲಿ, ಬ್ಯಾಂಕಿಗೂ ಬ್ಲಾಗಿಗೂ ಒಂದೇ ಬೇಡ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ. ಒಟಿಪಿ ಯಾರಿಗೂ ಹೇಳಬಾರದು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಕೇಳಿದರೆ ನಿಮ್ಮ ಹಣ ಹೋಗುತ್ತಿದೆ ಎಂದೇ ಅರ್ಥ. ವೀಡಿಯೋ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುವ ಕಾನೂನು ದೇಶದಲ್ಲಿಲ್ಲ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಏನು ಬರೆಯಬೇಕು?

ದೊಡ್ಡ ವಿಷಯವೇ ಆಗಬೇಕಿಲ್ಲ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಇಂದು ರಾಯಚೂರು ಜಿಲ್ಲೆಯಲ್ಲಿದೆ, ಅವರು 1755ರಲ್ಲಿ ದೇಹಬಿಟ್ಟ ಚಿಪ್ಪಗಿರಿ ನಮ್ಮ ಕರ್ನೂಲು ಜಿಲ್ಲೆಯಲ್ಲಿದೆ. ಇಷ್ಟು ಪುಸ್ತಕಗಳಲ್ಲಿ ಸಿಗುತ್ತದೆ. ಆರಾಧನೆಗೆ ನಿಮ್ಮ ಮನೆಯವರು ಚಿಪ್ಪಗಿರಿಗೆ ಹೇಗೆ ಹೋಗುತ್ತಿದ್ದರು, ಯಾವ ಹಾಡು ಹಾಡುತ್ತಿದ್ದರು ಎಂಬುದು ಪುಸ್ತಕದಲ್ಲಿಲ್ಲ. ಕೌತಾಳ, ಕೋಸಿಗಿ, ಹೊಳಗುಂದ, ಹಾಲಹರ್ವಿ ಕಡೆಯ ಬಿತ್ತನೆ ಹಾಡು, ಬೀಸುವ ಹಾಡು, ಮದುವೆ ಶಾಸ್ತ್ರ, ಹತ್ತಿ ಮಾರಾಟದ ಮಾತು, ಕನ್ನಡ ಶಾಲೆಯ ಮೇಷ್ಟ್ರ ಹೆಸರು, 1953ರ ನೆನಪು, ಎಲ್ಲವೂ ಬರವಣಿಗೆಗೆ ಯೋಗ್ಯ.

ಈ ವಾರ ಒಬ್ಬ ಹಿರಿಯರ ಬಳಿ ಕೂತು ಒಂದು ಪುಟ ಬರೆದುಕೊಳ್ಳಿ. ಯುನಿಕೋಡಿನಲ್ಲಿರಲಿ, ಊರಿನ ಹೆಸರು ಪೂರ್ತಿ ಇರಲಿ. ಕೊಂಡಿಯನ್ನು ಸಂಘಕ್ಕೆ ಕಳಿಸಿದರೆ ಊರುವಾರು ಪಟ್ಟಿ ಮಾಡಿ ಈ ಪುಟದಲ್ಲೇ ಹಾಕುತ್ತೇವೆ.

ಕಾರ್ಯದರ್ಶಿ