ಸಂಗೀತ ಲಿಪಿ ತಂತ್ರಾಂಶಗಳಲ್ಲಿ ಶಾರ್ಟ್‌ಕಟ್ ಮತ್ತು ಮ್ಯಾಕ್ರೋ

ಕಂಪ್ಯೂಟರಿನಲ್ಲಿ ಸಂಗೀತ ಬರೆಯುವಾಗ ಮೌಸ್ ಹಿಡಿದು ಮೆನು ಹುಡುಕದೆ, ಒಂದೆರಡು ಕೀಲಿ ಒತ್ತಿಯೇ ಸ್ವರವನ್ನೋ ಕಾಲವನ್ನೋ ಮೂಡಿಸುವ ಉಪಾಯಕ್ಕೆ ಶಾರ್ಟ್‌ಕಟ್ ಎನ್ನುತ್ತಾರೆ. ಇಂಥ ಹಲವು ಹೆಜ್ಜೆಗಳನ್ನು ಪೋಣಿಸಿ ಒಂದೇ ಕೀಲಿಗೆ ಕಟ್ಟಿದರೆ ಅದು ಮ್ಯಾಕ್ರೋ. ಪಾಶ್ಚಾತ್ಯರ ಐದು ಗೆರೆಯ ಸ್ಟಾಫ್ ಲಿಪಿಯಲ್ಲಿ ಇವೆರಡೂ ಬಂದದ್ದು ವೇಗಕ್ಕಾಗಿ. ನಮ್ಮ ಸರಿಗಮ ಲಿಪಿಯ ಕಥೆ ಬೇರೆ. ಅಲ್ಲಿ ಅಕ್ಷರವೇ ಸ್ವರ, ಹಾಗಾಗಿ ಯಾವ ಕೀಲಿಮಣೆಯಾದರೂ ಅರ್ಧ ಕೆಲಸ ಮಾಡಿಕೊಡುತ್ತದೆ. ಮಿಕ್ಕ ಅರ್ಧ, ಅಂದರೆ ಸ್ಥಾಯಿಯ ಚುಕ್ಕೆ, ಕೋಮಲದ ಅಡಿಗೆರೆ, ಎರಡನೆಯ ಕಾಲದ ಮೇಲ್ಗೆರೆ ಇವು, ಮ್ಯಾಕ್ರೋದ ನೆರವಿಲ್ಲದೆ ಮೂಡುವುದೇ ಪ್ರಯಾಸ.

ಯಂತ್ರಗಳ ಕಾಲ

ಕೀಲಿ ಒತ್ತಿ ಸಂಗೀತ ಬರೆಯುವ ಹಂಬಲ ಕಂಪ್ಯೂಟರಿಗಿಂತ ಹಳೆಯದು. ಸ್ಯಾನ್ ಫ್ರಾನ್ಸಿಸ್ಕೋದ ರಾಬರ್ಟ್ ಕೀಟನ್ 1936ರಲ್ಲಿ ಸಂಗೀತದ ಟೈಪ್‌ರೈಟರಿಗೆ ಪೇಟೆಂಟ್ ಪಡೆದ. ಅದರಲ್ಲಿದ್ದದ್ದು 14 ಕೀಲಿ, ಮುಂದೆ 33 ಆದವು. 1950ರ ದಶಕದಲ್ಲಿ ಅಮೆರಿಕದ ಸಂಗೀತ ರಚನಕಾರ ಸೆಸಿಲ್ ಎಫಿಂಜರ್ ‘ಮ್ಯೂಸಿಕ್‌ರೈಟರ್’ ತಂದ. ಕಂಪ್ಯೂಟರ್ ಬಂದ ಮೇಲೆ ಸ್ಟಾನ್‌ಫರ್ಡ್‌ನ ಲೀಲೆಂಡ್ ಸ್ಮಿತ್ ಕಟ್ಟಿದ ‘ಸ್ಕೋರ್’ ತಂತ್ರಾಂಶ ವಿಚಿತ್ರ ಶಿಸ್ತಿನದು. ಮೊದಲು ಸ್ವರಗಳನ್ನೆಲ್ಲ ಸಾಲಾಗಿ ಟೈಪಿಸಬೇಕು, ಬಳಿಕ ಅವುಗಳ ಕಾಲ, ಬಳಿಕ ಚಿಹ್ನೆ, ಬಳಿಕ ಜೋಡುಗೆರೆ, ಕೊನೆಗೆ ಕಮಾನು. ಒಂದೇ ಹಾಡನ್ನು ಐದು ಸಲ ಹಾದು ಬರಬೇಕು. ಇಂದಿನವರಿಗೆ ಇದು ಶಿಕ್ಷೆಯಂತೆ ಕಂಡೀತು, ಆದರೆ ಕೈ ಪಳಗಿದವರು ಇದರಲ್ಲೇ ದೊಡ್ಡ ಪ್ರಕಾಶಕರ ಪುಸ್ತಕಗಳನ್ನು ಅಚ್ಚಿಗೆ ಅಣಿಗೊಳಿಸಿದರು.

ಅಂಕಿಗಳ ಗೊಂದಲ

1988ರಲ್ಲಿ ಫಿನಾಲೆ ತಂತ್ರಾಂಶ ಬಂತು, 1993ರಲ್ಲಿ ಅವಳಿ ಸೋದರರಾದ ಬೆನ್ ಮತ್ತು ಜೊನಾಥನ್ ಫಿನ್ ಬರೆದ ಸಿಬೇಲಿಯಸ್ ಇಂಗ್ಲೆಂಡಿನ ಏಕಾರ್ನ್ ಕಂಪ್ಯೂಟರುಗಳಲ್ಲಿ ಕಾಣಿಸಿಕೊಂಡಿತು. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್‌ನ ಕೆಲಸವನ್ನು ಜರ್ಮನಿಯ ವೆರ್ನರ್ ಶ್ವೇರ್ 2002ರಲ್ಲಿ ಆರಂಭಿಸಿದರು. ಸಿಬೇಲಿಯಸ್‌ನ ಲಂಡನ್ ಕಚೇರಿ 2012ರಲ್ಲಿ ಮುಚ್ಚಿದಾಗ ಅಲ್ಲಿದ್ದ ತಂಡ ಸ್ಟೈನ್‌ಬರ್ಗ್ ಕಂಪನಿ ಸೇರಿ 2016ರಲ್ಲಿ ಡೊರಿಕೊ ಹೊರತಂದಿತು.

ಎಲ್ಲ ತಂತ್ರಾಂಶಗಳ ಮೂಲತತ್ತ್ವ ಒಂದೇ: ಅಂಕಿ ಒತ್ತಿದರೆ ಕಾಲ, ಅಕ್ಷರ ಒತ್ತಿದರೆ ಸ್ವರ. ಒಗ್ಗಟ್ಟು ಅಲ್ಲಿಗೇ ಮುಗಿಯಿತು. ಕ್ವಾರ್ಟರ್ ನೋಟಿಗೆ ಫಿನಾಲೆ ಮತ್ತು ಮ್ಯೂಸ್‌ಸ್ಕೋರ್‌ನಲ್ಲಿ 5, ಡೊರಿಕೊದಲ್ಲಿ 6, ಸಿಬೇಲಿಯಸ್‌ನಲ್ಲಿ ಬಲಗಡೆಯ ಅಂಕಿಪಟ್ಟಿಯ 4. ಆ ಅಂಕಿಪಟ್ಟಿಯೇ ಇಲ್ಲದ ಲ್ಯಾಪ್‌ಟಾಪ್‌ಗಳಿಗಾಗಿ ಸಿಬೇಲಿಯಸ್ ಬೇರೆಯೇ ಒಂದು ಶಾರ್ಟ್‌ಕಟ್ ಪಟ್ಟಿ ಇಟ್ಟುಕೊಳ್ಳಬೇಕಾಯಿತು. ಸ್ವರಗಳ ಮೇಲಿನ ಕಮಾನಿಗೆ ‘ಎಸ್’, ಆಯ್ದ ಭಾಗವನ್ನು ಮತ್ತೆ ಬರೆಯಲು ‘ಆರ್’ ಎಂಬುದರಲ್ಲಿ ಮಾತ್ರ ಸಿಬೇಲಿಯಸ್, ಮ್ಯೂಸ್‌ಸ್ಕೋರ್, ಡೊರಿಕೊ ಮೂರೂ ರಾಜಿಯಾಗಿವೆ.

ಮ್ಯಾಕ್ರೋ ವಿಷಯದಲ್ಲಿ ಫಿನಾಲೆಯದೇ ಮೊದಲ ಹೆಸರು. ಅದರ ‘ಮೆಟಾಟೂಲ್’ ಸೌಲಭ್ಯದಲ್ಲಿ ಬಳಕೆದಾರ ತನಗೆ ಬೇಕಾದ ಚಿಹ್ನೆಯನ್ನು ತನಗೆ ಬೇಕಾದ ಕೀಲಿಗೆ ಕಟ್ಟಿಕೊಳ್ಳಬಹುದಿತ್ತು. ಸಿಬೇಲಿಯಸ್ ‘ಮ್ಯಾನುಸ್ಕ್ರಿಪ್ಟ್’ ಎಂಬ ತನ್ನದೇ ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕೊಟ್ಟಿತು. ಡೊರಿಕೊದ ಸ್ಕ್ರಿಪ್ಟ್‌ಗಳು ಲುವಾ ಭಾಷೆಯವು. ಈಗೀಗ ಆಟೋಹಾಟ್‌ಕೀ, ಕೀಬೋರ್ಡ್ ಮೇಸ್ಟ್ರೋಗಳಂಥ ಹೊರಗಿನ ತಂತ್ರಾಂಶಗಳನ್ನೂ ಗುಂಡಿಪಟ್ಟಿಗಳನ್ನೂ ಸೇರಿಸಿಕೊಂಡು ನಕಲುಗಾರರು ಎಡಗೈಗೆ ಒಂದು, ಬಲಗೈಗೆ ಒಂದು ಎಂದು ಕೆಲಸ ಹಂಚಿಕೊಂಡಿದ್ದಾರೆ.

ಸರಿಗಮ ಮತ್ತು ಕನ್ನಡ ಕೀಲಿಮಣೆ

ಕರ್ನಾಟಕದಲ್ಲಿ ಸ್ಟಾಫ್ ಲಿಪಿ ಓದುವವರು ಚರ್ಚಿನ ಗಾಯನ ತಂಡ, ಸಿನಿಮಾ ವಾದ್ಯವೃಂದ, ಮೈಸೂರು ಅರಮನೆಯ ಪರಂಪರೆ ಉಳಿಸಿಕೊಂಡ ಪೊಲೀಸ್ ಬ್ಯಾಂಡ್ ಇಂಥ ಕಡೆ ಸಿಗುತ್ತಾರೆ. ಪಾಠದ ಮನೆಗಳಲ್ಲಿ ನಡೆಯುವುದು ಸರಿಗಮವೇ. ಈ ಲಿಪಿ ಹೇಳಿ ಮಾಡಿಸಿದ ಹಾಗೆ ಕೀಲಿಮಣೆಗೆ ಹೊಂದುತ್ತದೆ. ಕರ್ನಾಟಕ ಪದ್ಧತಿಯಲ್ಲಿ ಸ್ವರ ಒಂದು ಅಕ್ಷರಕಾಲ ಹಿಗ್ಗಿದರೆ ಅಲ್ಪವಿರಾಮ, ಎರಡು ಹಿಗ್ಗಿದರೆ ಅರ್ಧವಿರಾಮ, ತಾಳದ ಅಂಗ ಮುಗಿದರೆ ನಿಂತ ಗೆರೆ, ಆವರ್ತ ಮುಗಿದರೆ ಜೋಡಿ ಗೆರೆ. ಇವೆಲ್ಲ ಯಾವ ಟೈಪಿಸ್ಟನ ಮುಂದೆಯೂ ಇರುವ ಕೀಲಿಗಳು.

‘ಸರಿಗಮಪದನಿ’ ಎಂದು ಟೈಪಿಸಲು ಎಷ್ಟು ಒತ್ತು ಬೇಕು ಎಂಬುದು ಮಾತ್ರ ಕೀಲಿಮಣೆಯ ವಿನ್ಯಾಸದ ಮೇಲೆ ನಿಂತಿದೆ. ಕೆ.ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೂಲಕ ಮನೆಮಾತಾದ ವಿನ್ಯಾಸದಲ್ಲಿ ವ್ಯಂಜನಕ್ಕೆ ಅಕಾರ ತಾನಾಗಿಯೇ ಕೂಡಿಕೊಳ್ಳುವುದರಿಂದ ಒಂಬತ್ತು ಒತ್ತು ಸಾಕು. ರಿ ಮತ್ತು ನಿಗೆ ಮಾತ್ರ ಗುಡಿಸಿನ ಕೀಲಿ ಹೆಚ್ಚಿಗೆ. 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’ದಲ್ಲಿ ಇಂಗ್ಲಿಷಿನ ಉಚ್ಚಾರದಂತೆ ಪ್ರತಿ ಸ್ವರಕ್ಕೂ ಎರಡೆರಡು, ಒಟ್ಟು ಹದಿನಾಲ್ಕು. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತು ಒಂಬತ್ತೇ, ಆದರೆ ಸ ಇರುವುದು ‘ಎಂ’ ಕೀಲಿಯಲ್ಲಿ, ಗ ‘ಐ’ನಲ್ಲಿ, ಪ ‘ಎಚ್’ನಲ್ಲಿ. ಹೊಸದಾಗಿ ಕಲಿಯುವವರ ಬೆರಳು ಅಪಸ್ವರಕ್ಕೆ ಬೀಳುವುದು ಇಲ್ಲೇ.

ಪುರಂದರದಾಸರ ಹೆಸರಿನಲ್ಲಿ ನಡೆದುಬಂದ ಮೊದಲ ಸರಳೆಯನ್ನೇ ನೋಡಿ. ಆದಿತಾಳದ ಎಂಟು ಅಕ್ಷರಕ್ಕೆ ಎಂಟು ಸ್ವರ. ಏಳರವರೆಗೆ ಕೈ ನಿಲ್ಲದೆ ಓಡುತ್ತದೆ, ಎಂಟನೆಯ ತಾರ ಷಡ್ಜಕ್ಕೆ ಬಂದಾಗ ನಿಂತುಬಿಡುತ್ತದೆ, ಏಕೆಂದರೆ ಆ ಸಕಾರದ ನೆತ್ತಿಗೆ ಒಂದು ಚುಕ್ಕೆ ಬೇಕು. ಟೈಪ್ ಮಾಡಿಸಿದ ಪಾಠದ ಹಾಳೆಗಳಲ್ಲಿ ಈ ಚುಕ್ಕೆ ಪೆನ್ನಿನಿಂದ ಬೀಳುತ್ತಿತ್ತು. ಯೂನಿಕೋಡ್ ಬಂದ ಮೇಲೆ ಮೇಲಿನ ಚುಕ್ಕೆಗೆ 0307, ಕೆಳಗಿನದಕ್ಕೆ 0323 ಎಂಬ ಸಂಖ್ಯೆಗಳಿವೆ. ವರ್ಡ್‌ನಲ್ಲಿ ಆ ಸಂಖ್ಯೆ ಟೈಪಿಸಿ ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಚುಕ್ಕೆ ಹಿಂದಿನ ಅಕ್ಷರದ ಮೇಲೆ ಕೂರುತ್ತದೆ. ಕೂರುತ್ತದೆ ಎಂದರೆ, ಫಾಂಟ್ ಒಪ್ಪಿದರೆ. ಕೆಲವು ಕನ್ನಡ ಫಾಂಟ್‌ಗಳಲ್ಲಿ ಅದು ಪಕ್ಕಕ್ಕೆ ಜಾರಿ ಮುಂದಿನ ಸ್ವರದ ಪಾಲಾಗುತ್ತದೆ, ಮಧ್ಯ ಸ್ಥಾಯಿಯ ರಿ ಕ್ಷಣದಲ್ಲಿ ತಾರಕ್ಕೇರುತ್ತದೆ! ಪ್ರತಿ ಚುಕ್ಕೆಗೂ ನಾಲ್ಕು ಅಂಕಿ ಟೈಪಿಸುವ ತಾಳ್ಮೆ ಯಾರಿಗೂ ಇಲ್ಲದ್ದರಿಂದ ಇದನ್ನು ಒಂದು ಕೀಲಿಗೆ ಕಟ್ಟುವುದೇ ಸ್ವರಲಿಪಿ ಬರೆಯುವವರ ಮೊದಲ ಮ್ಯಾಕ್ರೋ.

ಧಾರವಾಡದ ಕಡೆ ನಡೆಯುವ, ಹಿಂದೂಸ್ತಾನಿ ಸಂಗೀತದ ಭಾತಖಂಡೆ ಪದ್ಧತಿಯಲ್ಲಿ ಹೊರೆ ಇನ್ನೂ ಹೆಚ್ಚು: ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೆ ನಿಂತ ಗೆರೆ, ಒಂದೇ ಮಾತ್ರೆಯೊಳಗಿನ ಸ್ವರಗಳ ಕೆಳಗೆ ಕಮಾನು. ಮಂದ್ರ ಸಪ್ತಕದ ಕೋಮಲ ನಿಷಾದಕ್ಕೆ ಗೆರೆಯೂ ಚುಕ್ಕೆಯೂ ಒಂದೇ ಕಡೆ, ಅಕ್ಷರದ ಅಡಿಯಲ್ಲೇ ಬರಬೇಕು. ಗಮಕದ ಚಿಹ್ನೆಗಳಂತೂ 1904ರಲ್ಲಿ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಅಚ್ಚಾದಾಗಿನಿಂದಲೂ ಅಕ್ಷರ ಜೋಡಿಸುವವರ ತಲೆನೋವು. ಚೆನ್ನೈನ ಎಂ. ಸುಬ್ರಮಣಿಯನ್ ತಯಾರಿಸಿದ ‘ಗಾಯಕ’ ತಂತ್ರಾಂಶ ಟೈಪಿಸಿದ ಸ್ವರವನ್ನು ಗಮಕಸಹಿತ ನುಡಿಸಿಯೂ ತೋರಿಸುತ್ತದೆ.

ಸ್ಟಾಫ್ ತಂತ್ರಾಂಶದಲ್ಲಿ ಕನ್ನಡ ಸಾಹಿತ್ಯ ಬರೆಯುವವರಿಗೆ ಇನ್ನೊಂದು ಪೇಚು. ಸಿಬೇಲಿಯಸ್, ಮ್ಯೂಸ್‌ಸ್ಕೋರ್‌ಗಳಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿ ಸಾಹಿತ್ಯದ ಸಾಲಿಗೆ ಇಳಿದು, ಕನ್ನಡ ಕೀಲಿಮಣೆಗೆ ಬದಲಿಸಿ ಬರೆದು, ಮರಳಿ ಸ್ವರಕ್ಕೆ ಬಂದಾಗ ಭಾಷೆ ಬದಲಿಸಲು ಮರೆತರೆ ಶಾರ್ಟ್‌ಕಟ್‌ಗಳು ಕಿವುಡಾಗುವುದುಂಟು.

ಹೌಜ್ ಖಾಸ್: ಕೇಳುವವರು, ಮುಟ್ಟಿ ಓದುವವರು

ಕೀಲಿಮಣೆಯ ಇನ್ನೊಂದು ಕಥೆ ಕಣ್ಣಿಲ್ಲದವರದು, ಅದರ ಒಂದು ಎಳೆ ದೆಹಲಿಯಲ್ಲಿದೆ. ಅಲಾವುದ್ದೀನ್ ಖಿಲ್ಜಿ ತೋಡಿಸಿದ ಕೆರೆ, ಅದರ ದಂಡೆಯಲ್ಲಿ 1352ರಲ್ಲಿ ಫಿರೋಜ್ ಷಾ ತುಘಲಕ್ ಕಟ್ಟಿಸಿದ ಮದರಸಾ ಇವುಗಳಿಂದ ಹೆಸರಾದ ದೆಹಲಿಯ ಹೌಜ್ ಖಾಸ್ ಈಗ ಐಐಟಿಯ ವಿಳಾಸವೂ ಹೌದು. ಸಂಗೀತಕ್ಕೂ ಈ ಕ್ಯಾಂಪಸ್ಸಿಗೂ ನಂಟು ಬೆಳೆದದ್ದು 1977ರಲ್ಲಿ, ಅಲ್ಲಿನ ಪ್ರಾಧ್ಯಾಪಕ ಕಿರಣ್ ಸೇಠ್ ಸ್ಪಿಕ್ ಮೆಕೆ ಸಂಸ್ಥೆ ಆರಂಭಿಸಿದಾಗ. ವಿದ್ಯಾರ್ಥಿಗಳನ್ನು ಕಲಾವಿದರ ಎದುರು ಕೂರಿಸುವುದೇ ಅದರ ದಾರಿ, ಲಿಪಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ.

ಕೀಲಿಮಣೆಯ ಚರಿತ್ರೆಗೆ ಹತ್ತಿರವಾದದ್ದು ಅದೇ ಐಐಟಿಯ ಅಸಿಸ್‌ಟೆಕ್ ಪ್ರಯೋಗಾಲಯ. ಎಂ. ಬಾಲಕೃಷ್ಣನ್ ಮತ್ತು ಸಂಗಡಿಗರು ಅಂಧರಿಗಾಗಿ ‘ಸ್ಮಾರ್ಟ್‌ಕೇನ್’ ಊರುಗೋಲು ರೂಪಿಸಿದ ಜಾಗ ಅದು. 2019ರಲ್ಲಿ ಅಲ್ಲಿಂದ ‘ಡಾಟ್‌ಬುಕ್’ ಎಂಬ ಬ್ರೈಲ್ ಲ್ಯಾಪ್‌ಟಾಪ್ ಬಂತು. ಒಂದು ಮಾದರಿಗೆ ಸಾಮಾನ್ಯ ಕೀಲಿಮಣೆ, ಇನ್ನೊಂದಕ್ಕೆ ಬ್ರೈಲ್ ಕೀಲಿಗಳು. ಇದು ಸಂಗೀತಕ್ಕೆಂದೇ ಮಾಡಿದ್ದಲ್ಲ. ಆದರೆ ಹಲವು ಕೀಲಿಗಳನ್ನು ಒಮ್ಮೆಗೇ ಒತ್ತಿ ಒಂದು ಅಕ್ಷರ ಪಡೆಯುವ ಬ್ರೈಲ್ ಬರವಣಿಗೆ ಹುಟ್ಟಿನಿಂದಲೇ ಶಾರ್ಟ್‌ಕಟ್. ಸ್ವತಃ ಆರ್ಗನ್ ವಾದಕನಾಗಿದ್ದ ಲೂಯಿ ಬ್ರೈಲ್‌ನ ಸಂಗೀತ ಲಿಪಿಯಲ್ಲಿ ಮೇಲಿನ ನಾಲ್ಕು ಚುಕ್ಕೆ ಸ್ವರವನ್ನೂ ಕೆಳಗಿನ ಎರಡು ಕಾಲವನ್ನೂ ಹೇಳುತ್ತವೆ. ಮ್ಯೂಸ್‌ಸ್ಕೋರ್ ಅಂಕಿ ಒಮ್ಮೆ, ಅಕ್ಷರ ಒಮ್ಮೆ ಕೇಳುವಲ್ಲಿ ಬ್ರೈಲ್ ಎರಡನ್ನೂ ಒಂದೇ ಒತ್ತಿಗೆ ಮುಗಿಸುತ್ತದೆ.

ಕಣ್ಣಿಲ್ಲದವರಿಗೆ ಮೌಸ್ ಉಪಯೋಗಕ್ಕೆ ಬಾರದು. 2006ರಲ್ಲಿ ಆರಂಭವಾದ ಎನ್‌ವಿಡಿಎ ಎಂಬ, ಪರದೆಯ ಮೇಲಿನದನ್ನು ಓದಿ ಹೇಳುವ ಉಚಿತ ತಂತ್ರಾಂಶದ ಜೊತೆ ಮ್ಯೂಸ್‌ಸ್ಕೋರ್ ಬಳಸುವವರು ಪ್ರತಿ ಸ್ವರವನ್ನೂ ಬಾಣದ ಕೀಲಿಯಿಂದ ಕೇಳುತ್ತ ಸಾಗುತ್ತಾರೆ. ಕರ್ನಾಟಕದಲ್ಲಿ ಅಂಧ ಗಾಯಕರೆಂದರೆ ನೆನಪಾಗುವುದು ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅಲ್ಲಿಯ ಕಲಿಕೆ ಕಿವಿಯಿಂದ ಕೊರಳಿಗೆ. ಅಂಥ ಗಾಯಕನೊಬ್ಬ ತನ್ನ ಬಂದಿಶನ್ನು ತಾನೇ ಬರೆದಿಡಬೇಕೆಂದರೆ ಬೇಕಾದದ್ದು ಚುಕ್ಕೆ, ಅಡಿಗೆರೆಗಳನ್ನು ಓದಿ ಹೇಳುವ ಕನ್ನಡ ಧ್ವನಿ. ಎನ್‌ವಿಡಿಎಯಂಥವು ಅಕ್ಷರ ಓದುತ್ತವೆ, ಆದರೆ ‘ಸ’ದ ಮೇಲಿನ ಚುಕ್ಕೆಯನ್ನು ತಾರ ಷಡ್ಜವೆಂದು ತಾವಾಗಿಯೇ ತಿಳಿಯುವುದಿಲ್ಲ.

ಫಿನಾಲೆಯ ಬಳಿಕ

2024ರ ಆಗಸ್ಟ್ 26ರಂದು ಫಿನಾಲೆಯ ತಯಾರಕರು ಅದನ್ನು ಮುಂದುವರಿಸುವುದಿಲ್ಲವೆಂದು ಸಾರಿದರು. 2004ರಿಂದ ಚಾಲ್ತಿಯಲ್ಲಿರುವ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲಿ ಹಳೆಯ ಕಡತಗಳನ್ನು ಬೇರೆ ತಂತ್ರಾಂಶಕ್ಕೆ ಸಾಗಿಸಬಹುದು. ಸ್ವರ, ತಾಳ, ಸಾಹಿತ್ಯ ದಾಟಿ ಹೋಗುತ್ತವೆ. ಬಳಕೆದಾರರು ವರ್ಷಗಟ್ಟಲೆ ಕಟ್ಟಿಕೊಂಡ ಮೆಟಾಟೂಲ್‌ಗಳು ಅದರಲ್ಲಿ ದಾಟುವುದಿಲ್ಲ. ಡೊರಿಕೊಗೆ ಹೋದವರು ಕೀಲಿಗಳನ್ನು ಒಂದೊಂದಾಗಿ ಮತ್ತೆ ಕಟ್ಟಿಕೊಳ್ಳಬೇಕು, ಇಲ್ಲವೇ 5 ಇದ್ದಲ್ಲಿಗೆ 6 ಒತ್ತುವುದನ್ನು ಬೆರಳಿಗೆ ಕಲಿಸಬೇಕು.